ಅಪ್ಪನ ಎಡೆಗೊಂದು ಕೊರಮೀನು

ಕೂತಿರಾ ಎಲ್ಲರೂ? ಹಾಗಾದರೆ ಕೇಳಿ. ಒಂದು ಕೆರೆ, ಕೆರೆಯ ಕೆಳಗೊಂದು ಊರು, ಊರಿನಲ್ಲಿ ನಿಂಗಾಜಮ್ಮ ಅಂತ ಒಬ್ಬ ತಾಯಿ, ಅವಳಿಗೆ ಜವರ ಅಂತ ಒಬ್ಬನೇ ಮಗ. ಮೀಸೆ ಬಂದಿತ್ತು, ತೋಳಲ್ಲಿ ಕಸುವಿತ್ತು, ಬುದ್ಧಿ ಮಾತ್ರ ಬರುವ ದಾರಿಯಲ್ಲೇ ಎಲ್ಲೋ ಕೂತುಬಿಟ್ಟಿತ್ತು. ಹೇಳಿದ ಮಾತನ್ನು ಮೀರುವವನಲ್ಲ. ಅದೇ ಅವನ ರೋಗ! ಒಲೆ ನೋಡ್ಕೋ ಅಂದರೆ ಒಲೆಯನ್ನೇ ನೋಡುತ್ತ ಕೂರುವನು, ಮೇಲಿದ್ದ ಅನ್ನ ಸೀದು ಕರಕಲಾದರೂ ಕಣ್ಣು ಕದಲಿಸುವನಲ್ಲ.

ಇವನ ಅಪ್ಪ ಬೋರಯ್ಯ ಆ ಬೇಸಿಗೆಯಲ್ಲಿ ತೀರಿಕೊಂಡಿದ್ದ. ಕೊರಮೀನಿನ ಸಾರು ಅಂದರೆ ಅವನಿಗೆ ಪ್ರಾಣ. ‘ಪಿತೃಪಕ್ಷದಲ್ಲಿ ನಂಗೆ ಎಡೆ ಇಡೋವಾಗ ಒಂದು ಕೊರಮೀನು ಇಡು ನಿಂಗಾಜಿ. ಕೊಂಡು ತಂದದ್ದು ಬೇಡ, ನಮ್ಮ ಜವರನೇ ಹಿಡಿದದ್ದಾಗಬೇಕು’ ಅಂತ ಕೇಳಿಕೊಂಡೇ ಕಣ್ಣು ಮುಚ್ಚಿದ್ದ. ಈಗ ಅಮಾವಾಸ್ಯೆ ಹತ್ತಿರ ಬಂತು. ಮೊದಲನೆಯ ಎಡೆ. ನಿಂಗಾಜಮ್ಮನಿಗೆ ಹಗಲೂ ಇರುಳೂ ಅದೇ ಚಿಂತೆ, ಯಾಕೆಂದರೆ ಮಗ ಹೋಗುವುದೇನೋ ಹೋಗುತ್ತಿದ್ದ, ಬರಿಗೈಯಲ್ಲಿ ಬರುತ್ತಿದ್ದ.

“ಎಲ್ಲಿ ಬಿಡ್ತಿದ್ದೀಯಲಾ ಗಾಳವ?”

“ತೂಬಿನತ್ರ, ಆಳದಲ್ಲಿ. ಅಪ್ಪ ಅಂಗೇ ಹೇಳಿಕೊಟ್ಟಿದ್ದು.”

“ಅದು ಬೇಸಿಗೆ ಮಾತು ಕಣ್ಲಾ ನನ್ನಪ್ಪ! ಬಿಸಿಲಿಗೆ ಹೆದರಿ ಮೀನು ಆಳಕ್ಕೆ ಇಳೀತಿದ್ದವು. ಈಗ ಉತ್ತರೆ ಮಳೆ ಹುಯ್ದು ಕೆರೆ ತುಂಬ್ಯದೆ, ನೀರು ತಣ್ಣಗಾಗ್ಯದೆ. ಕಾಲ ತಿರುಗಿದ ಹಂಗೆ ಮೀನೂ ತಿರುಗ್ತದೆ. ಎಲ್ಲಾ ದಡಕ್ಕೆ ಬಂದವೆ. ಆಳ ಬಿಡು, ದಡದಲ್ಲಿ ಹಾಕು!”

“ಆಯ್ತು ಕಣವ್ವ!”

ಜವರ ಹೋದ. ದಡದಲ್ಲಿ ಹಾಕು ಅಂದಳಲ್ಲ ಅವ್ವ, ದಡದಲ್ಲೇ ಹಾಕಿದ. ನೀರಿಗೆ ಬೆನ್ನು ಮಾಡಿ, ಒಣಮಣ್ಣಿನ ಮೇಲೆ ಗಾಳ ಚಾಚಿ, ಎರೆಹುಳವನ್ನು ನೋಡುತ್ತ ಕೂತ. ಪಕ್ಕದ ಮನೆ ಸಾಕಮ್ಮನ ಹೇಟೆಕೋಳಿ ಹುಳ ಕಂಡು ಓಡಿಬಂತು. ಹುಳ ಕಚ್ಚಿತು, ಕಾಲಿಗೆ ದಾರ ಸುತ್ತಿಕೊಂಡಿತು. ಜವರ ಎಳೆದ. “ಸಿಕ್ತು! ರೆಕ್ಕೆ ಇರೋ ಮೀನು ಸಿಕ್ತು!” ಅಂತ ಕೂಗುತ್ತ ಊರಿಗೆ ಓಡಿದ. ಅವನ ಹಿಂದೆ ಸಾಕಮ್ಮ, ಅವಳ ಕೈಯಲ್ಲಿ ಪೊರಕೆ.

ಹೇಟೆಯನ್ನು ಬಿಡಿಸಿ ಕೊಟ್ಟು, ಸಾಕಮ್ಮನಿಗೆ ಸಮಾಧಾನ ಹೇಳಿ ಕಳಿಸಿ, ನಿಂಗಾಜಮ್ಮ ತಲೆ ಚಚ್ಚಿಕೊಂಡಳು.

“ಅಯ್ಯೋ ನನ್ನ ಹಣೆಬರಾವೇ! ಹುಳ ನೀರಲ್ಲಿರಬೇಕು ಕಣ್ಲಾ! ನೀರು ಎಲ್ಲದೆ ಅಂತ ಮೊದಲು ನೋಡು, ಆಮೇಲೆ ಗಾಳ ಬಿಡು!”

“ಆಯ್ತು ಕಣವ್ವ!”

ಮಾರನೆಯ ದಿನ ಜವರ ಗಾಳ ಹೆಗಲಿಗೇರಿಸಿ ಹೊರಟ. ನೀರು ಎಲ್ಲಿದೆ, ನೀರು ಎಲ್ಲಿದೆ ಅಂತ ಕಣ್ಣರಳಿಸಿ ನೋಡುತ್ತ ಬರುವಾಗ ಎದುರಿಗೇ ನೀರು ಬಂತು! ಅದೇ ಬೀದಿಯ ಚೆನ್ನಾಜಿ ತುಂಬಿದ ಬಿಂದಿಗೆ ತಲೆ ಮೇಲೆ ಹೊತ್ತು ಬರುತ್ತಿದ್ದಳು. ಅವಳನ್ನು ಮುಂದಕ್ಕೆ ಬಿಟ್ಟು, ಹಿಂದಿನಿಂದ ಮೆಲ್ಲಗೆ ಬಿಂದಿಗೆಯೊಳಕ್ಕೆ ಗಾಳ ಇಳಿಬಿಟ್ಟ. ಅವಳು ನಡೆದರೆ ಇವನೂ ನಡೆದ. ಅವಳು ನಿಂತರೆ ಇವನೂ ನಿಂತ. ಬೀದಿಯ ಜನ ಬಿದ್ದು ಬಿದ್ದು ನಗುವುದನ್ನು ಕಂಡು ಚೆನ್ನಾಜಿ ಹಿಂದಕ್ಕೆ ತಿರುಗಿದಳು.

“ಏನ್ಲಾ ಅದು?”

“ಅಲ್ಲಾಡಬೇಡ ಕಣಕ್ಕ! ಮೀನು ಬೆದರ್ತವೆ!”

ಅಷ್ಟೂ ನೀರು ಜವರನ ತಲೆ ಮೇಲೆ ಬಿತ್ತು. ತೊಯ್ದು ತೊಪ್ಪೆಯಾಗಿ ಮನೆಗೆ ಬಂದವನಿಗೆ ತಲೆ ಒರೆಸುತ್ತಲೇ ನಿಂಗಾಜಮ್ಮ ಬೈದಳು.

“ಬರೀ ನೀರಿದ್ರಾಯ್ತೇನ್ಲಾ? ಚಳಿ ಬರೋ ಮುಂಚೆ ಕೊರಮೀನು ಹೊಟ್ಟೆ ತುಂಬಿಸ್ಕತವೆ. ಸಣ್ಣಮೀನಿನ ಹಿಂಡು ಎಲ್ಲದೋ ಅಲ್ಲಿಗೆ ಅಟ್ಟಿಸ್ಕಂಡು ಬತ್ತವೆ. ಸಣ್ಣಮೀನು ರಾಶಿಯಾಗಿರೋ ಕಡೆ ಕಾಯ್ಕಂಡು ಕೂತ್ಕೋ, ದೊಡ್ಡದು ತಾನಾಗೇ ಬತ್ತದೆ!”

“ಆಯ್ತು ಕಣವ್ವ!”

ಅವತ್ತು ಸಂತೆ. ಸಣ್ಣಮೀನು ರಾಶಿಯಾಗಿರುವುದು ಎಲ್ಲಿ? ನಿಮಗೆ ಗೊತ್ತಾಗಿಹೋಯಿತು ಬಿಡಿ. ಒಣಮೀನು ಮಾರುವ ಮರಿಯವ್ವನ ಬುಟ್ಟಿಯ ಮುಂದೆ ಜವರ ಚಕ್ಕಳಮಕ್ಕಳ ಹಾಕಿ ಕೂತ. ಗಾಳವನ್ನು ಬುಟ್ಟಿಯ ಮೇಲೆ ಚಾಚಿದ. ಕೊಳ್ಳುವವರು ಬಂದರೆ “ಶ್! ದೊಡ್ಡದು ಬರೋ ಹೊತ್ತು” ಅಂದ. ಮರಿಯವ್ವ ಬೈದಳು, ಜವರ ಏಳಲಿಲ್ಲ. ಕೊನೆಗೆ ಒಂದು ಬಂದೇ ಬಂತು. ಮೆಲ್ಲಗೆ ಬಂತು, ಬುಟ್ಟಿಗೆ ಬಾಯಿ ಹಾಕಿತು. ಜವರ ಗಾಳ ಬಿಸಾಕಿ ಎರಡು ಕೈಯಲ್ಲೂ ಬಾಚಿ ಹಿಡಿದು ಮನೆಗೆ ತಂದ.

“ಅವ್ವಾ, ದೊಡ್ಡದು ಬಂತು! ಮೀಸೆನೂ ಅದೆ ನೋಡು!”

“ಮ್ಯಾಂವ್” ಅಂತು ಅದು.

ನಿಂಗಾಜಮ್ಮನಿಗೆ ನಗು ಬಂತು, ಅಳುವೂ ಬಂತು. ನಾಳೆಯೇ ಅಮಾವಾಸ್ಯೆ. ಗಂಡ ಬಾಯಿಬಿಟ್ಟು ಕೇಳಿದ್ದು ಅದೊಂದೇ, ಅದನ್ನೂ ನಡೆಸಿಕೊಡಲಾಗಲಿಲ್ಲವಲ್ಲ! ಸೆರಗಿನಲ್ಲಿ ಮೂಗೊರೆಸಿ, ಮಗನ ಎರಡು ಕೆನ್ನೆಯನ್ನೂ ಹಿಡಿದು, ಬಿಡಿಸಿ ಬಿಡಿಸಿ ಹೇಳಿದಳು.

“ಕೆರೆಗೆ ಹೋಗು. ಕೆರೆ! ತಿಳೀತಾ? ಬೆಳಿಗ್ಗೆ ಮಂಜಲ್ಲಿ ಬೇಡ, ಬಿಸಿಲೇರಿ ನೀರು ಬೆಚ್ಚಗಾದ ಮೇಲೆ ಹೋಗು. ಜೊಂಡಿನ ಪಕ್ಕ ನೀರೊಳಕ್ಕೆ ಗಾಳ ಬಿಡು. ಹುಳ ಬೇಡ, ಸಣ್ಣ ಕಪ್ಪೆ ಸಿಗಿಸು. ಕಚ್ಚಿದ ತಕ್ಷಣ ಎಳೀಬೇಡ. ಅವಸರ ಮಾಡ್ದೆ ಬಿಡು, ಚೆನ್ನಾಗಿ ನುಂಗಲಿ!”

“ಆಯ್ತು ಕಣವ್ವ!”

ಈ ಸಲ ಜವರ ಎಲ್ಲವನ್ನೂ ಸರಿಯಾಗಿ ಮಾಡಿದ. ನಂಬಿ, ಎಲ್ಲವನ್ನೂ! ಕೆರೆ ಸರಿ, ಬಿಸಿಲು ಸರಿ, ಜೊಂಡು ಸರಿ, ಕಪ್ಪೆ ಸರಿ. ಬೆಂಡು ಬುಳುಕ್ ಅಂತ ಮುಳುಗಿತು. ಕಚ್ಚಿತು! ಬಿಡು ಅಂದಿದ್ದಳು ಅವ್ವ. ಜವರ ಬಿಟ್ಟ. ಗಾಳದ ಕೋಲನ್ನೇ ಬಿಟ್ಟ. ಕೋಲು ಸರಸರ ಅಂತ ನೀರಿನ ಮೇಲೆ ಓಡಿತು. “ಅವಸರ ಇಲ್ಲ ಕಣಪ್ಪ, ಚೆನ್ನಾಗಿ ನುಂಗು” ಅಂತ ಮೀನಿಗೆ ಹೇಳಿ, ಕೈ ಬೀಸಿಕೊಂಡು ಮನೆಗೆ ಬಂದ.

“ಎಲ್ಲಿ ಮೀನು?”

“ನುಂಗ್ತಾ ಅದೆ.”

“ಎಲ್ಲಿ ಕೋಲು?”

“ಅದರ ಜೊತೆಲೇ ಹೋಯ್ತು.”

“ಓಡ್ಲಾ! ಓಡು! ಅದನ್ನ ಹಿಡಿ! ಹಿಡಿದ ಮೇಲೆ ಕೈಬಿಡಬೇಡ, ಏನೇ ಆದರೂ ಬಿಡಬೇಡ!”

ಜವರ ಓಡಿದ. ಕೋಲು ಜೊಂಡಿಗೆ ಸಿಕ್ಕಿಕೊಂಡು ಅಲ್ಲಾಡುತ್ತಿತ್ತು. ಎದೆಮಟ್ಟ ನೀರಿಗಿಳಿದು ಎಳೆದರೆ, ತೋಳುದ್ದದ ಕೊರಮೀನು! ಅಪ್ಪಿಕೊಂಡು ತಂದ. ನಿಂಗಾಜಮ್ಮನ ಮುಖ ಅರಳಿತು. ಎಷ್ಟೋ ದಿನದ ಮೇಲೆ ಮನಸಾರೆ ನಕ್ಕಳು. ಮಸಾಲೆ ಅರೆದಳು, ಈಳಿಗೆಮಣೆ ಹಾಕಿದಳು, “ಕೊಡು” ಅಂದಳು.

“ಕೊಡಾಕಿಲ್ಲ. ಕೈಬಿಡಬೇಡ ಅಂದಿದ್ದೀಯೆ.”

ಬೈದಳು, ಬಿಡಲಿಲ್ಲ. ಮುದ್ದು ಮಾಡಿದಳು, ಬಿಡಲಿಲ್ಲ. ಒಲೆ ಉರಿದು ಆರುತ್ತ ಬಂತು. ಕೊನೆಗೆ ಅವನು ಬಾಲ ಹಿಡಿದುಕೊಂಡಿದ್ದ ಹಾಗೆಯೇ ತಲೆಯ ಕಡೆಯಿಂದ ಕೊಯ್ಯುತ್ತ ಬಂದಳು. ಮೀನೆಲ್ಲ ಮಡಕೆಗೆ ಹೋಯಿತು, ಬಾಲ ಅವನ ಕೈಯಲ್ಲಿ ಉಳಿಯಿತು. ಸಾರಿಗೆ ಬಾಲ ಬೇಕಾಗಿಯೂ ಇರಲಿಲ್ಲ.

ಸಂಜೆಗೆ ಮುಂಚೆಯೇ ಎಡೆ ಆಯಿತು. ಬಾಳೆಲೆ, ಮುದ್ದೆ, ಅನ್ನ, ವಡೆ, ಘಮಘಮ ಕೊರಮೀನಿನ ಸಾರು, ಪಕ್ಕದಲ್ಲಿ ಹೊಸ ಪಂಚೆ, ಒಂದು ಕಟ್ಟು ಬೀಡಿ. ಧೂಪ ಹಾಕಿ ಕೈಮುಗಿದರು. ಹಿರಿಯರು ಬಂದು ಉಣ್ಣಲಿ ಅಂತ ಬಾಗಿಲನ್ನು ಓರೆ ಮಾಡಿಕೊಂಡು ಎಲ್ಲರೂ ಆಚೆಗೆ ಬರಬೇಕು, ಅದು ಪದ್ಧತಿ. ನಿಂಗಾಜಮ್ಮ ನೆಂಟರನ್ನು ಊಟಕ್ಕೆ ಕರೆಯಲು ಹೊರಟಳು.

“ಬಾಗಿಲಲ್ಲಿ ಕೂತಿರು ಮಗ. ಬೆಕ್ಕುಗಿಕ್ಕು ನುಗ್ಗೀತು. ಯಾರನ್ನೂ ಒಳಕ್ಕೆ ಬಿಡಬೇಡ!”

“ಆಯ್ತು ಕಣವ್ವ!”

ಅವಳು ನೆಂಟರನ್ನು ಕರೆದುಕೊಂಡು ಬರುವಾಗ ಜವರ ಬಾಗಿಲನ್ನು ಬಿಗಿಯಾಗಿ ಎಳೆದು ಚಿಲಕ ಹಾಕಿ, ಅದಕ್ಕೆ ಬೆನ್ನು ಕೊಟ್ಟು, ಕಾಲು ಊರಿ ಕೂತಿದ್ದ.

“ಯಾರೂ ಹೋಗಲಿಲ್ಲ ತಾನೇ?”

“ಒಬ್ಬರೂ ಇಲ್ಲ! ಅಪ್ಪನ್ನೂ ಬಿಡಲಿಲ್ಲ!”

“ಏನಂದೆ?”

“ತಣ್ಣಗೆ ಗಾಳಿ ಬಂದು ಬಾಗಿಲು ಅಲ್ಲಾಡಿಸ್ತು. ಅಪ್ಪ ಅಂತ ಗೊತ್ತಾಯ್ತು. ‘ಅವ್ವ ಬೇಡ ಅಂದವಳೆ, ಹೋಗಪ್ಪ’ ಅಂದೆ. ತಿರುಗಾ ಅಲ್ಲಾಡಿಸ್ತು. ಗಟ್ಟಿಯಾಗಿ ಒರಗಿ ಕೂತ್ಕಂಡೆ. ಹೊಂಟೋದ.”

ನಿಂಗಾಜಮ್ಮ ಜಗಲಿಯ ಮೇಲೆ ಕುಸಿದು ಕೂತಳು. “ಅಯ್ಯೋ ಪಾಪಿ! ಕೇಳಿ ಮಾಡಿಸ್ಕಂಡ ಎಡೆ ಕಣ್ಲಾ ಇದು! ಹಸ್ಕಂಡು ಬಂದ ಅಪ್ಪನ್ನ ಬಾಗಿಲಿಂದ ಕಳಿಸಿಬಿಟ್ಯಲ್ಲೋ! ಹೋಗು, ಏನಾದರೂ ಮಾಡು, ನಿಮ್ಮಪ್ಪನ್ನ ಕರ್ಕಂಡು ಬಾ!” ಅಂತ ಗಳಗಳ ಅತ್ತಳು.

ಅವ್ವ ಅತ್ತದ್ದು ಕಂಡು ಜವರನಿಗೂ ದುಃಖವಾಯಿತು. ಒಳಗೆ ಹೋದ. ಮಡಕೆಯಿಂದ ಒಂದು ದೊಡ್ಡ ತುಂಡು ತೆಗೆದ. ಗಾಳದ ಕೋಲು ತಂದ, ದಾರಕ್ಕೆ ಮೀನಿನ ತುಂಡು ಕಟ್ಟಿದ, ಅಂಗಳದಲ್ಲಿ ಕೂತು ಗಾಳಿಯಲ್ಲಿ ಇಳಿಬಿಟ್ಟ.

“ಏನ್ ಮಾಡ್ತಿದ್ದೀಯಲಾ?”

“ಅಪ್ಪನ್ನ ಹಿಡೀತಿದ್ದೀನಿ. ಸದ್ದು ಮಾಡಬೇಡ ಕಣವ್ವ.”

“ಗಾಳ ಹಾಕಿ ಅಪ್ಪನ್ನ ಹಿಡಿದಾರೇನ್ಲಾ! ಬಾಯಿಗೆ ಗಾಳದ ಮುಳ್ಳು ಚುಚ್ಚಲ್ವಾ?” ಅಂದ ನೆಂಟನೊಬ್ಬ ನಗುತ್ತ.

“ಚುಚ್ಚೀತು ಅಂತಲೇ ಮುಳ್ಳು ಬಿಚ್ಚಿಟ್ಟಿದ್ದೀನಿ” ಅಂದ ಜವರ.

ನೆಂಟನ ನಗು ನಿಂತಿತು. ಅಷ್ಟರಲ್ಲಿ ಸೂರಿನ ಮೇಲಿಂದ ಒಂದು ಕಾಗೆ ಇಳಿಯಿತು. ಅತ್ತ ನೋಡಿತು, ಇತ್ತ ನೋಡಿತು, ಮೀನಿನ ತುಂಡನ್ನು ಲಪಕ್ಕನೆ ಕಿತ್ತುಕೊಂಡು ಹಾರಿತು. “ಕಚ್ಚಿದ! ಅವ್ವಾ, ಅಪ್ಪ ಕಚ್ಚಿದ!” ಅಂತ ಜವರ ಕುಣಿದ. ನಿಂಗಾಜಮ್ಮ ಅಳುತ್ತಲೇ ಎದ್ದು ನಿಂತು ಕೈಮುಗಿದಳು. ಹಿರಿಯರು ಕಾಗೆಯಾಗಿ ಬಂದು ಉಣ್ಣುತ್ತಾರೆ ಅಂತ ನಂಬಿದವಳು ಅವಳು. ಮನಸ್ಸು ಹಗುರಾಯಿತು.

ಒಂದು ಕಾಗೆ ಕಾ ಅಂದರೆ ಉಳಿದವು ಸುಮ್ಮನಿರುತ್ತವೆಯೇ? ಸೂರಿನ ತುಂಬ ಕಾಗೆ, ಗೋಡೆಯ ತುಂಬ ಕಾಗೆ.

“ಇದರಲ್ಲಿ ಅಪ್ಪ ಯಾವುದವ್ವ?”

“ಯಾವುದಾದರೇನ್ಲಾ, ಎಲ್ಲಕ್ಕೂ ಹಾಕು” ಅಂದು ನಿಂಗಾಜಮ್ಮ ಎಲೆ ಹಾಸಲು ಒಳಗೆ ಹೋದಳು.

ಜವರ ಎಲ್ಲಕ್ಕೂ ಹಾಕಿದ. ಮಡಕೆಯನ್ನೇ ಅಂಗಳಕ್ಕೆ ತಂದು, ಒಂದನ್ನೂ ಬಿಡದೆ ಕರೆದು ಕರೆದು ಹಾಕಿದ. ನೆಂಟರು ಊಟಕ್ಕೆ ಕೂತರೆ ಎಲೆಯ ಮೇಲೆ ಮುದ್ದೆ, ಮುದ್ದೆಗೆ ಬರೀ ಸಾರು.

“ಮೀನೆಲ್ಲಿ ಜವರ?”

“ನಮ್ಮಪ್ಪ ಎಲ್ಲಾ ತಿಂದ” ಅಂದ ಜವರ, ಹೊಟ್ಟೆ ತುಂಬಿದವನ ಹಾಗೆ.

ಅವತ್ತು ಮಾತ್ರ ನಿಂಗಾಜಮ್ಮ ಬೈಯಲಿಲ್ಲ.