ಹಳೆ ಸ್ಪೀಕರಿನ ಪಾಲು

ಮೆಕ್ಯಾನಿಕ್ ದಾದಾಪೀರ್, ಕೊಟ್ರೇಶಪ್ಪನವರ ಕಾರಿನ ಬಾಗಿಲಿಂದ ಕಂಪನಿಯ ಹಳೆ ಸ್ಪೀಕರನ್ನು ಬಿಚ್ಚಿ ಬೆಂಚಿನ ಮೇಲಿಟ್ಟ. ಅದರ ಜಾಗಕ್ಕೆ ಒಂದು ದೊಡ್ಡ ಸ್ಪೀಕರ್, ಒಂದು ಪುಟ್ಟ ಟ್ವೀಟರ್ ಬಂದವು. ಅವೆರಡಕ್ಕೂ ವೈರು ಎಳೆಯಬೇಕಿದ್ದ ಕ್ರಾಸ್‌ಓವರ್ ಎಂಬ ಚಿಕ್ಕ ಡಬ್ಬಿ ಇನ್ನೂ ಬೆಂಚಿನ ಮೇಲೇ ಇತ್ತು.

"ತೆಳು ದನಿ ಟ್ವೀಟರಿಗೆ, ದಪ್ಪ ದನಿ ದೊಡ್ಡದಕ್ಕೆ. ಹಂಚುವುದೇ ನನ್ನ ಕೆಲಸ. ನಿನಗೆ ಯಾರು ಹಂಚಿಕೊಡುತ್ತಿದ್ದರು?" ಎಂದು ಕ್ರಾಸ್‌ಓವರ್ ಕೇಳಿತು.

"ಯಾರೂ ಇಲ್ಲ. ಹಾಡು ಮೇಲಕ್ಕೇರಿದಾಗ ನನ್ನ ದನಿ ಒಡೆಯುತ್ತಿತ್ತು. ಆಗ ಯಜಮಾನರ ಹೆಂಡತಿ ಗಿರಿಜಮ್ಮ ಪಕ್ಕದ ಸೀಟಿನಿಂದ ಆ ಸಾಲನ್ನು ತಾವೇ ಹಾಡಿಬಿಡುತ್ತಿದ್ದರು. ಯಜಮಾನರು ಸ್ಟೀರಿಂಗ್ ಮೇಲೆ ತಾಳ ಹಾಕುತ್ತಿದ್ದರು," ಎಂದಿತು ಹಳೆ ಸ್ಪೀಕರ್.

"ಇನ್ನು ಅವರಿಗೆ ಆ ಕಷ್ಟವಿಲ್ಲ ಬಿಡು."

ವೈರಿಂಗ್ ಮುಗಿಯಿತು. ಗಂಡ ಹೆಂಡತಿ ಕಾರಿನಲ್ಲಿ ಕೂತು ಹಾಡು ಹಾಕಿದರು. ಒಂದು ಸ್ವರವೂ ಒಡೆಯಲಿಲ್ಲ. ಕೊಟ್ರೇಶಪ್ಪ ಹೆಂಡತಿಯತ್ತ ತಿರುಗಿದರು.

"ಯಾಕೆ, ಹಾಡ್ಲಿಲ್ಲ?"

"ಎಲ್ಲಾನೂ ಅದೇ ಹಾಡ್ತಲ್ರೀ. ನಾನೇನು ಹಾಡ್ಲಿ?"

ಕ್ರಾಸ್‌ಓವರ್ ತೆರೆದ ಬಾಗಿಲಿಂದ ಬೆಂಚಿನತ್ತ ಮೆಲ್ಲಗೆ ಹೇಳಿತು: "ಅಣ್ಣಾ, ನೀನೂ ಹಂಚುತ್ತಿದ್ದೆ. ಆ ಹಂಚಿಕೆ ನನಗೆ ಬಾರದು."

ಅಷ್ಟರಲ್ಲಿ ಕೊಟ್ರೇಶಪ್ಪ ಸದ್ದು ಪೂರ್ತಿ ತಗ್ಗಿಸಿ, ಮುಂದಿನ ಸಾಲನ್ನು ತಪ್ಪುತಪ್ಪಾಗಿ ಎತ್ತಿಕೊಂಡರು. ಗಿರಿಜಮ್ಮ ನಕ್ಕು, ತಿದ್ದಲೆಂದು ಹಾಡತೊಡಗಿದರು.