ಮಲ್ಲಿ ಕೋಳಿಗೆ ಎಂಟು ದಿನದ ಗಡುವು

ತನ್ನ ಅರಮನೆಯಲ್ಲಿ ದುಡಿಯದೆ ತಿನ್ನುವ ಬಾಯಿ ಒಂದೂ ಇಲ್ಲ ಎಂದು ಗುಂಡೇರಿಯ ದೊರೆ ತಿಪ್ಪನಾಯಕ ವಾರಕ್ಕೊಮ್ಮೆಯಾದರೂ ಸಭೆಯಲ್ಲಿ ಕೊಚ್ಚಿಕೊಳ್ಳುತ್ತಿದ್ದ.

ಒಂದು ದಿನ ಹಾಗೆ ಹೇಳುತ್ತಿರುವಾಗಲೇ ಕೋಳಿಯೊಂದು ಕುಂಟುತ್ತ ಸಭೆಯ ನಡುವೆ ಬಂತು. ನಾಲ್ಕು ಹೆಜ್ಜೆ ಇಟ್ಟು ನಿಂತಿತು. ಗೊರಗೊರ ಉಸಿರೆಳೆದು ಮತ್ತೆ ನಾಲ್ಕು ಹೆಜ್ಜೆ ಇಟ್ಟಿತು.

ಅದು ದೊರೆಯೇ ಮರಿಯಿಂದ ಸಾಕಿದ ಮಲ್ಲಿ. ಒಂದು ಕಾಲಕ್ಕೆ ತಪ್ಪದೆ ಮೊಟ್ಟೆ ಇಡುತ್ತಿದ್ದ ಮಲ್ಲಿಗೆ ಈಗ ಹನ್ನೊಂದು ವರ್ಷ. ಉಬ್ಬಸವೂ ಕಾಲುಬಾವೂ ಅಂಟಿಕೊಂಡಿದ್ದವು. ಇದು ವಾಸಿಯಾಗುವ ಕಾಯಿಲೆಯಲ್ಲ, ನೋಡಿಕೊಳ್ಳಬೇಕಾದ ಕಾಯಿಲೆ ಎಂದು ವೈದ್ಯರು ಕೈಚೆಲ್ಲಿದ್ದರು. ಅರಮನೆಯ ಊಳಿಗದ ಸಂಕವ್ವನೇ ಅದಕ್ಕೆ ನೆನೆಸಿದ ನುಚ್ಚು ತಿನ್ನಿಸಿ, ಕಾಲಿಗೆ ಬಿಸಿಬಟ್ಟೆಯ ಶಾಖ ಕೊಟ್ಟು, ಸಂಜೆ ಎತ್ತಿ ಬುಟ್ಟಿಯಲ್ಲಿ ಕೂರಿಸುತ್ತಿದ್ದಳು.

ಸಭೆಯಲ್ಲಿ ಯಾರೋ ಕಿಸಕ್ಕನೆ ನಕ್ಕರು. ದೊರೆಯ ಮುಖ ಕೆಂಪಾಯಿತು.

"ಎಂಟು ದಿನದೊಳಗೆ ಇದು ಮೊಟ್ಟೆ ಇಡಬೇಕು. ಇಲ್ಲವಾದರೆ ಸಾರಿಗೆ ಹಾಕಿ. ಈ ಅರಮನೆಯಲ್ಲಿ ಯಾರಿಗಾದರೂ ಇದೇ ನಿಯಮ" ಎಂದುಬಿಟ್ಟ.

ಸಂಕವ್ವ ಅಳುತ್ತ ಆಸ್ಥಾನದ ಜಾಣ ಬೊಮ್ಮರಸನ ಮನೆಗೆ ಓಡಿದಳು. ಅವನು ಎಲ್ಲವನ್ನೂ ಕೇಳಿಸಿಕೊಂಡು, ಮೊಟ್ಟೆಯ ಚಿಂತೆ ತನಗಿರಲಿ, ನುಚ್ಚು ಮತ್ತು ಶಾಖ ಮಾತ್ರ ನಿಲ್ಲಿಸಬೇಡ ಎಂದು ಹೇಳಿ ಕಳಿಸಿದ.

ಅಡಿಗೆಯ ಕೆಂಚಣ್ಣನಿಗೆ ಮಾತ್ರ ಆತುರ. ದಿನಾ ಬೆಳಿಗ್ಗೆ ಬಂದು ಬುಟ್ಟಿಯೊಳಗೆ ಕೈ ಹಾಕಿ ಮೊಟ್ಟೆ ಹುಡುಕುವನು, ಬೆರಳು ಕುಕ್ಕಿಸಿಕೊಂಡು ಹೋಗುವನು. ಎಂಟನೆಯ ದಿನ ಐದು ಬೆರಳಿಗೂ ಬಟ್ಟೆ ಸುತ್ತಿಕೊಂಡೇ ಮಸಾಲೆ ಅರೆದ. ಅದರ ಘಮ ಸಭೆಯವರೆಗೂ ಬಂತು.

ಬೊಮ್ಮರಸ ಬುಟ್ಟಿ ಹೊತ್ತು ತಂದು ದೊರೆಯ ಮುಂದಿಟ್ಟ.

"ಮೊಟ್ಟೆ ಇಟ್ಟಿಲ್ಲ, ಪ್ರಭು. ನಿಯಮದಂತೆ ಸಾರಾಗಲಿ. ಆದರೆ ಅರಮನೆಯಲ್ಲಿ ಇಂಥದೇ ಇನ್ನೊಂದು ಜೀವ ಇದೆ. ಅದನ್ನು ಬಿಟ್ಟರೆ ನಿಮ್ಮ ಮಾತಿಗೆ ಕುಂದು."

ದೊರೆ ವಿವರ ಕೇಳಿದ. ಬೊಮ್ಮರಸ ಹೇಳುತ್ತ ಹೋದ. ಅದಕ್ಕೂ ಕಾಲುಬಾವು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಬೆಳಿಗ್ಗೆ ಇಬ್ಬರು ಎತ್ತಿ ಕೂರಿಸಬೇಕು. ಮೆತ್ತಗಿನ ಗಂಜಿಯಾದರೆ ಮಾತ್ರ ಇಳಿಯುತ್ತದೆ, ಅದೂ ಮೂರು ಬಟ್ಟಲು. ಉಂಡ ಮೇಲೆ ಕೂತಲ್ಲೇ ತೂಕಡಿಕೆ. ಒಂದು ಕಾಲಕ್ಕೆ ಕುದುರೆ ಏರಿ ಊರು ಕಾದದ್ದುಂಟು, ಈಗ ಒಂಬತ್ತು ವರ್ಷದಿಂದ ಲಾಯದ ಕಡೆ ತಲೆ ಹಾಕಿಲ್ಲ.

ದೊರೆ ತೊಡೆ ತಟ್ಟಿದ. "ಅಂಥ ಸೋಮಾರಿ ನನ್ನ ಅರಮನೆಯಲ್ಲಿ? ಅದನ್ನೂ ಇವತ್ತೇ ಪಾತ್ರೆಗೆ ಹಾಕಿ."

ಬೊಮ್ಮರಸ ದೊರೆಯನ್ನು ರುಮಾಲಿನಿಂದ ಪಾದದವರೆಗೆ ಕಣ್ಣಲ್ಲೇ ಅಳೆದು, ತುಂಬ ಬೇಸರದಿಂದ ತಲೆಯಾಡಿಸಿದ.

"ಅಷ್ಟು ದೊಡ್ಡ ಪಾತ್ರೆ ನಮ್ಮ ಅಡಿಗೆಮನೆಯಲ್ಲಿ ಇಲ್ಲ, ಪ್ರಭು."

ದೊರೆ ದಿಂಬಿನ ಮೇಲೆ ಚಾಚಿದ್ದ ತನ್ನ ಊದಿದ ಕಾಲನ್ನು ನೋಡಿಕೊಂಡ. ಮಲ್ಲಿಯ ಕಾಲನ್ನು ನೋಡಿದ. ಆಮೇಲೆ ಹೊಟ್ಟೆ ಕುಲುಕಿಸಿ ನಗತೊಡಗಿದ. ನಕ್ಕು ನಕ್ಕು ಅವನಿಗೆ ಉಬ್ಬಸ ಬಂತು. ಬುಟ್ಟಿಯಿಂದಲೂ ಗೊರಗೊರ ಕೇಳಿತು. ಯಾವುದು ಯಾರದ್ದೆಂದು ಸಭೆಗೆ ತಿಳಿಯಲಿಲ್ಲ.

ಅರೆದ ಮಸಾಲೆ ಬದನೆಕಾಯಿಯ ಪಾಲಾಯಿತು. ಬೊಮ್ಮರಸನಿಗೆ ಚಿನ್ನದ ಕಡಗ ಸಿಕ್ಕಿತು. ಸಂಕವ್ವನಿಗೆ ರೇಷ್ಮೆ ಸೀರೆಯ ಜೊತೆಗೆ ಹೊಸದೊಂದು ಕೆಲಸವೂ ಬಂತು: ದಿನಾ ಸಂಜೆ ದೊರೆಯ ಕಾಲಿಗೂ ಶಾಖ ಕೊಡುವುದು.

ಮೊದಲ ಸಂಜೆ ಅವಳು ಬಿಸಿಬಟ್ಟೆ ಹಿಡಿದು ಯಾರಿಂದ ಶುರು ಮಾಡಲೆಂದು ತೋಚದೆ ನಿಂತಾಗ, ದೊರೆ ತನ್ನ ಕಾಲನ್ನು ಹಿಂದಕ್ಕೆ ಎಳೆದುಕೊಂಡ.

"ಮೊದಲು ಮಲ್ಲಿಗೆ ಕೊಡವ್ವ. ಅವಳಾದರೂ ಮೊಟ್ಟೆ ಇಟ್ಟವಳು."