ಕಣಿವೆ ತೋಡಿದ ಹಗೇವು

ಲೋಕವೆಲ್ಲ ಇನ್ನೂ ಹಸಿಯಾಗಿದ್ದ ಕಾಲವದು. ಬೆಟ್ಟದ ಮೇಲೆ ಹಕ್ಕಿ ಕುಳಿತರೂ ಅಚ್ಚು ಮೂಡುತ್ತಿತ್ತು. ಆಗ ಮಣ್ಣೆಲ್ಲ ಒಂದೇ ಬಣ್ಣ, ಕೆಂಪು.

ಒಂದು ಬೆಟ್ಟದಲ್ಲಿ ಅಕ್ಕತಂಗಿಯರಿದ್ದರು. ಮೇಲೆ ಬಿಸಿಲಿಗೆ ಮುಖವೊಡ್ಡಿ ನಿಂತವಳು ಅಕ್ಕ, ನೆತ್ತಿ. ಕೆಳಗೆ ನೆರಳಿನಲ್ಲಿ ಕುಳಿತವಳು ತಂಗಿ, ಕಣಿವೆ. ಇಬ್ಬರಿಗೂ ಮೈತುಂಬ ಮರಗಳು. ತಂಗಿಯ ಮಡಿಲಲ್ಲಿ ಆಗತಾನೇ ಹರಿಯಲು ಕಲಿತ ಮಗುವೊಂದಿತ್ತು. ಅದೇ ತೊರೆ.

ಆ ದಿನಗಳಲ್ಲಿ ನೆಲದ ಬಿರುಕುಗಳಿಂದ ಕರಿಯುಸಿರು ಏಳುತ್ತಿತ್ತು. ಕಣ್ಣಿಗೆ ಕಾಣದ ಆ ಉಸಿರು ಆಕಾಶಕ್ಕೇರಿ ಲೋಕಕ್ಕೆ ಕಂಬಳಿ ಹೊದಿಸುತ್ತಿತ್ತು. ತೆಳ್ಳಗಿದ್ದಾಗ ಕಂಬಳಿ ಹಿತವಾಗಿತ್ತು. ದಪ್ಪವಾದಂತೆ ಸೆಕೆ ಏರಿತು. ತೊರೆ ಬಡವಾಗುತ್ತ ಬಂದಿತು.

"ಅಮ್ಮಾ, ಮೈ ಸುಡುತ್ತಿದೆ," ಎಂದಿತು ತೊರೆ.

ಕಣಿವೆ ಗಾಬರಿಯಿಂದ ಕೂಗಿದಳು. "ಅಕ್ಕಾ, ನಮ್ಮ ಮರಗಳು ಕರಿಯುಸಿರನ್ನು ಕುಡಿಯಬಲ್ಲವು. ಆದರೆ ಕುಡಿದದ್ದನ್ನು ಎಲ್ಲಿಡೋಣ?"

ನೆತ್ತಿ ನಕ್ಕಳು. "ಅದೂ ಒಂದು ಪ್ರಶ್ನೆಯೇ? ಬಯಲಿನ ದುಂಡಮ್ಮಜ್ಜಿಯನ್ನು ನೋಡು. ಬೆಣ್ಣೆಯನ್ನು ಎಲ್ಲಿಡುತ್ತಾಳೆ? ಬೆಕ್ಕಿಗೆ ಎಟುಕದಂತೆ, ಸೂರಿಗೆ ಕಟ್ಟಿದ ನೆಲುವಿನಲ್ಲಿ. ನಾನೂ ಎಲ್ಲವನ್ನೂ ಎತ್ತರದಲ್ಲಿ ತೂಗುಹಾಕುತ್ತೇನೆ. ಬಿಸಿಲನ್ನೇ ಕಾಣದ ನಿನಗೆ ಇದೆಲ್ಲ ಹೇಗೆ ತಿಳಿಯಬೇಕು!"

ನೆತ್ತಿಯ ಮರಗಳು ಕುಡಿದವು, ಕುಡಿದವು. ಕುಡಿದದ್ದನ್ನು ಎಲೆಯಾಗಿಸಿದವು, ಕೊಂಬೆಯಾಗಿಸಿದವು, ಎತ್ತರದಲ್ಲಿ ತೂಗಿದವು.

ಗಾಳಿ ಮಾವ ಬಂದ. "ತೂಗುವುದನ್ನು ಕಂಡರೆ ನನ್ನ ಕೈ ಸುಮ್ಮನಿರದಮ್ಮ," ಎಂದು ಕೊಂಬೆಗಳನ್ನು ಮುರಿದ. ಮಳೆ ಬಂದು ಉದುರಿದ ಎಲೆಯನ್ನೂ ಮಣ್ಣನ್ನೂ ಇಳಿಜಾರಿಗೆ ತಳ್ಳಿತು. ಬೇಸಿಗೆಯಲ್ಲಿ ಬೆಂಕಿ ಬಂದು ಮಿಕ್ಕಿದ್ದನ್ನು ಸುಟ್ಟಿತು. ಕುಡಿದ ಕರಿಯುಸಿರೆಲ್ಲ ಹೊಗೆಯೊಡನೆ ಮರಳಿ ಆಕಾಶ ಸೇರಿತು. ತೊರೆ ಈಗ ಒಂದು ಎಳೆ ದಾರ.

ಕಣಿವೆ ದುಂಡಮ್ಮಜ್ಜಿಯನ್ನೇ ಕೂಗಿ ಕೇಳಿದಳು. "ಅಜ್ಜೀ, ಬೆಣ್ಣೆ ನೆಲುವಿನಲ್ಲಿ. ರಾಗಿ ಎಲ್ಲಿ?"

ಅಜ್ಜಿ ಸೊಂಟದ ಮೇಲೆ ಕೈಯಿಟ್ಟಳು. "ಬೆಣ್ಣೆ ನಾಳೆ ತಿನ್ನೋಕೆ ಕಣವ್ವ. ರಾಗಿ ಮೊಮ್ಮಕ್ಕಳಿಗೆ. ಅದು ಹಗೇವಲ್ಲಿರುತ್ತೆ. ನೆಲದಾಗೆ ಆಳವಾಗಿ ಗುಳಿ ತೋಡಬೇಕು, ತುಂಬಬೇಕು, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಬೇಕು. ಒಳಗೆ ಹುಳಕ್ಕೂ ಗಾಳಿ ಸಿಗಬಾರದು. ಆಮೇಲೆ ಸುಮ್‌ಸುಮ್ನೆ ಬಾಯಿ ತೆಗೀಬಾರದು, ಅಷ್ಟೇಯ."

ಕಣಿವೆ ಹಾಗೆಯೇ ಮಾಡಿದಳು. ತನ್ನ ಮರಗಳು ಉದುರಿಸಿದ ಎಲೆಯನ್ನು ಮಡಿಲಲ್ಲಿ ಹಿಡಿದಳು. ಅಕ್ಕನ ಮೈಯಿಂದ ಜಾರಿಬಂದದ್ದನ್ನೂ ಹಿಡಿದಳು. ಪದರದ ಮೇಲೆ ಪದರ ಹಾಸಿ, ಮಂಜಿನ ತೇವದಿಂದ ಮೆತ್ತಿ, ನೆರಳಿನ ಮುಚ್ಚಳವಿಟ್ಟಳು. ಆ ತಣ್ಣನೆಯ ಕತ್ತಲಿನಲ್ಲಿ ಎಲೆಗಳು ಆತುರವಿಲ್ಲದೆ ಕರಗಿದವು. ಕರಿಯುಸಿರು ಮಣ್ಣಾಗಿ ಮಲಗಿತು. ಕೆಂಪು ಮಣ್ಣು ಕಪ್ಪಾಯಿತು.

ಮೇಲೆ ಕಂಬಳಿ ತೆಳುವಾಯಿತು. ತೊರೆ ಮತ್ತೆ ಮೈತುಂಬಿಕೊಂಡು ಕಲ್ಲುಗಳ ಮೇಲೆ ಕುಣಿಯಿತು.

ಆದರೆ ನೆತ್ತಿ ಬೋಳಾಗಿ ನಿಂತಿದ್ದಳು. "ನನಗೇನೂ ಉಳಿಯಲಿಲ್ಲ, ತಂಗಿ."

ಕಣಿವೆ ಹಂಗಿಸಲಿಲ್ಲ. "ಹುಲ್ಲನ್ನು ಕರೆದುಕೋ ಅಕ್ಕ. ಅದು ಹೊರಗೆ ತೋರಿಸುವುದು ಗೇಣುದ್ದ. ಉಳಿದದ್ದನ್ನು ಬೇರಿನಲ್ಲಿ ಬಚ್ಚಿಡುತ್ತದೆ. ಗಾಳಿ ಮಾವ ತಲೆ ಸವರಿ ಹೋಗುತ್ತಾನೆ. ಬೆಂಕಿ ಬಂದರೂ ಬೇರಿಗೆ ಎಟುಕದು. ನಿನಗೂ ಒಂದು ಪುಟ್ಟ ಹಗೇವಾಯಿತು."

ಆದ್ದರಿಂದಲೇ, ಮಗೂ, ಇಂದಿಗೂ ಆ ಬೆಟ್ಟದ ನೆತ್ತಿಯಲ್ಲಿ ಹುಲ್ಲು ಬಾಗಿ ತೂಗುತ್ತದೆ, ಕಣಿವೆಯ ಕಪ್ಪು ಮಣ್ಣು ನಿನ್ನ ಬೆರಳಿಗೆ ತಣ್ಣಗೆ ತಾಗುತ್ತದೆ, ಮತ್ತು ಆ ಹಗೇವಿನ ಬಾಯಿಯನ್ನು ಯಾರೂ ತೆರೆಯದಿರಲೆಂದು ತೊರೆ ಅದನ್ನು ಒತ್ತಿಕೊಂಡೇ ಹರಿಯುತ್ತದೆ.